ವಾರಕ್ಕೆ 14 ಪೌಂಡ್: ಟಾಮ್ ಫಿನ್ನಿಯ ಆಟ ಮತ್ತು ಬದುಕು



ಟಾಮ್ ಫಿನ್ನಿ ಎಂಬ ಫುಟ್‌ಬಾಲ್ ಆಟಗಾರರ ಬಗ್ಗೆ ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಇಂಗ್ಲೆಂಡಿನ ಪರವಾಗಿ 76 ಪಂದ್ಯ ಆಡಿ 30 ಗೋಲು ಹೊಡೆದವರು ಅವರು. ತಮ್ಮ ಲೀಗ್ ಆಟವನ್ನೆಲ್ಲ ಹುಟ್ಟಿದೂರಿನ ಒಂದೇ ಕ್ಲಬ್ಬಿಗೆ ಕೊಟ್ಟವರು. ದೇಶದ ತಂಡದಲ್ಲಿ ಆಡುತ್ತಿದ್ದ ಕಾಲದಲ್ಲೂ ಪ್ಲಂಬರ್ ಕೆಲಸ ಬಿಡದವರು. ಪೆಲೆ, ಮರಡೋನಾ ನಮಗೆ ಗೊತ್ತು. ಮೆಸ್ಸಿಯ ಹೆಸರು ನಮ್ಮ ಮಕ್ಕಳ ಅಂಗಿಯ ಬೆನ್ನ ಮೇಲೇ ಇದೆ. ಫಿನ್ನಿಯ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. ಆದರೆ ಆಟವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವನ ಸ್ಥಿತಿ ಕಳೆದ ಶತಮಾನದ ನಡುವಿನಲ್ಲಿ ಹೇಗಿತ್ತು, ಅವನ ದುಡಿಮೆಗೆ ಬೆಲೆ ಕಟ್ಟುತ್ತಿದ್ದವರು ಯಾರು ಎಂದು ತಿಳಿಯಬೇಕಾದರೆ ಇವರ ಬದುಕನ್ನೊಮ್ಮೆ ನೋಡಬೇಕು.

ಮೊದಲು ಅವರ ಊರಿನ ವಿಷಯ ಹೇಳುತ್ತೇನೆ. ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಪ್ರೆಸ್ಟನ್ ಹತ್ತಿ ಗಿರಣಿಗಳ ಊರಾಗಿತ್ತು. ನೂಲುವ ಯಂತ್ರದಿಂದ ಹೆಸರಾದ ರಿಚರ್ಡ್ ಆರ್ಕ್‌ರೈಟ್ ಹುಟ್ಟಿದ್ದು ಇಲ್ಲೇ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಗಿರಣಿ ಕೆಲಸಗಾರರಿಗೆ ಶನಿವಾರ ಮಧ್ಯಾಹ್ನದ ಮೇಲೆ ಬಿಡುವು ಸಿಗತೊಡಗಿತು. ಆ ಬಿಡುವನ್ನು ಫುಟ್‌ಬಾಲ್ ತುಂಬಿತು. ಕ್ಲಬ್ಬುಗಳು ಹುಟ್ಟಿದವು, ಮೈದಾನದ ಬಾಗಿಲಲ್ಲಿ ಟಿಕೆಟ್ಟಿನ ಕಾಸು ಬೀಳತೊಡಗಿತು. ಆದರೆ ಆಡುವವನಿಗೆ ಹಣ ಕೊಡುವುದಕ್ಕೆ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್.ಎ.ಯ ನಿಷೇಧವಿತ್ತು. ಆಡಲೆಂದು ಪರವೂರಿಗೆ ಹೋದ ಗಿರಣಿಯಾಳಿಗೆ ಆ ದಿನದ ಕೂಲಿ ಖೋತಾ. ಉಳ್ಳವರು ಹವ್ಯಾಸಕ್ಕೆಂದು ಆಡಬಹುದಿತ್ತು. ದುಡಿದು ತಿನ್ನುವವರಿಗೆ ಅದು ಆಗದ ಮಾತು. ಹಾಗಾಗಿ ಉತ್ತರದ ಕ್ಲಬ್ಬುಗಳು ಗುಟ್ಟಾಗಿ ಹಣ ಕೊಡುತ್ತಿದ್ದವು.

ಈ ಗುಟ್ಟು ಬಯಲಾದದ್ದು ಪ್ರೆಸ್ಟನ್ನಿನಿಂದ. 1884ರ ಜನವರಿಯಲ್ಲಿ ಎಫ್.ಎ. ಕಪ್ ಪಂದ್ಯದ ನಂತರ ಪ್ರೆಸ್ಟನ್ ತನ್ನ ಆಟಗಾರರಿಗೆ ಹಣ ಕೊಡುತ್ತದೆ ಎಂದು ಲಂಡನ್ನಿನ ಅಪ್ಟನ್ ಪಾರ್ಕ್ ತಂಡ ದೂರು ಕೊಟ್ಟಿತು. ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ಬನ್ನು ನಡೆಸುತ್ತಿದ್ದ ವಿಲಿಯಂ ಸಡೆಲ್ ಒಂದು ಗಿರಣಿಯ ಮ್ಯಾನೇಜರ್. ಅವರು ಆರೋಪವನ್ನು ಅಲ್ಲಗಳೆಯಲಿಲ್ಲ. ಹಣ ಕೊಡುತ್ತೇವೆ, ಎಲ್ಲರೂ ಕೊಡುತ್ತಾರೆ ಎಂದು ನೇರವಾಗಿ ಒಪ್ಪಿಕೊಂಡರು. ಆ ವರ್ಷ ಪ್ರೆಸ್ಟನ್ನನ್ನು ಕಪ್ಪಿನಿಂದ ಹೊರಹಾಕಿದರು. ಆದರೆ ಉತ್ತರದ ಕ್ಲಬ್ಬುಗಳು ಒಟ್ಟಾಗಿ ಬೇರೆ ಸಂಘವನ್ನೇ ಕಟ್ಟುವ ಸೂಚನೆ ಕೊಟ್ಟಾಗ ಎಫ್.ಎ. ಮಣಿಯಬೇಕಾಯಿತು. 1885ರ ಜುಲೈಯಲ್ಲಿ ಸಂಬಳ ಪಡೆದು ಆಡುವುದು ನಿಯಮಬದ್ಧವಾಯಿತು. 1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾದಾಗ ಮೊದಲ ವರ್ಷವೇ ಪ್ರೆಸ್ಟನ್ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಲೀಗ್ ಗೆದ್ದಿತು. ಒಂದೂ ಗೋಲು ಬಿಟ್ಟುಕೊಡದೆ ಕಪ್ಪನ್ನೂ ಎತ್ತಿತು. ಆಟಗಾರನಿಗೆ ಕೂಲಿ ಕೊಡುವುದು ತಪ್ಪಲ್ಲ ಎಂದು ಎದೆಯುಬ್ಬಿಸಿ ಹೇಳಿದ ಊರು ಅದು. ಮುಂದೆ ಅದೇ ಊರಿನ ಅತಿ ದೊಡ್ಡ ಆಟಗಾರನಿಗೆ ಏನಾಯಿತು ಎಂಬುದನ್ನು ಕೇಳುವಾಗ ಈ ಮಾತು ನಿಮ್ಮ ನೆನಪಿನಲ್ಲಿರಲಿ.

ಆಟಗಾರ ಸಂಬಳಗಾರನಾದ ಮೇಲೆ ಕ್ಲಬ್ಬುಗಳು ಸೇರಿ ಎರಡು ಕಟ್ಟಳೆಗಳನ್ನು ಬಿಗಿದವು. ಒಂದು, ಸಂಬಳಕ್ಕೆ ಮೇಲ್ಮಿತಿ. 1901ರಲ್ಲಿ ವಾರಕ್ಕೆ 4 ಪೌಂಡಿಗೆ ಅದನ್ನು ನಿಲ್ಲಿಸಿದರು. ಎಂಥ ಪ್ರತಿಭಾವಂತನೇ ಆಗಿರಲಿ, ಅದಕ್ಕಿಂತ ಹೆಚ್ಚು ಕೊಟ್ಟ ಕ್ಲಬ್ಬಿಗೆ ದಂಡ. ಇನ್ನೊಂದು, ನೋಂದಣಿಯ ಹಕ್ಕು. ಆಟಗಾರನ ಒಪ್ಪಂದ ಸಾಮಾನ್ಯವಾಗಿ ಒಂದು ವರ್ಷದ್ದು. ವರ್ಷ ಮುಗಿದಾಗ ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಮಾರುತ್ತೇವೆ ಎಂಬ ಪಟ್ಟಿಯನ್ನು ಕ್ಲಬ್ ಹೊರಡಿಸುತ್ತಿತ್ತು. ಉಳಿಸಿಕೊಳ್ಳುವ ಪಟ್ಟಿಯಲ್ಲಿ ಹೆಸರಿದ್ದವನು, ಒಪ್ಪಂದದ ಅವಧಿ ತೀರಿದ್ದರೂ ಬೇರೆಡೆ ಹೋಗುವಂತಿಲ್ಲ. ಕ್ಲಬ್ ಹೇಳಿದ ಷರತ್ತಿಗೆ ಸಹಿ ಹಾಕದಿದ್ದರೆ ಸಂಬಳವೂ ಇಲ್ಲ, ಇನ್ನೊಂದು ಲೀಗ್ ಕ್ಲಬ್ಬಿನಲ್ಲಿ ಜಾಗವೂ ಇಲ್ಲ. ಆಡುವ ಕಾಲು ಅವನದು. ಅದು ಎಲ್ಲಿ ಆಡಬೇಕೆಂಬ ತೀರ್ಮಾನ ಮಾತ್ರ ಕ್ಲಬ್ಬಿನದು. 

ಟಾಮ್ ಫಿನ್ನಿ ಹುಟ್ಟಿದ್ದು 1922ರ ಏಪ್ರಿಲ್ 5ರಂದು, ಪ್ರೆಸ್ಟನ್ ಕ್ಲಬ್ಬಿನ ಡೀಪ್‌ಡೇಲ್ ಮೈದಾನಕ್ಕೆ ಹತ್ತಿರದ ಒಂದು ಸಾಲುಮನೆಯಲ್ಲಿ. ತಂದೆ ಆಲ್ಫ್ ಗುಮಾಸ್ತೆ. ಟಾಮ್‌ಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಹುಡುಗ ಸಣಕಲ. ಕತ್ತಿನ ಗ್ರಂಥಿಗೆ ಸೋಂಕು ತಗಲಿ ಬಾಲ್ಯವಿಡೀ ಆಸ್ಪತ್ರೆಗೆ ಎಡತಾಕಬೇಕಾಯಿತು. ಆಗ ಪ್ರೆಸ್ಟನ್ನಿನಲ್ಲಿ ಅಲೆಕ್ಸ್ ಜೇಮ್ಸ್ ಎಂಬ ಸ್ಕಾಟ್‌ಲೆಂಡಿನ ಆಟಗಾರ ಇದ್ದರು. ಮಂಡಿಯವರೆಗೆ ಜೋಲುವ ದೊಗಳೆ ಚಡ್ಡಿ, ಕಾಲಿಗಂಟಿದ ಚೆಂಡು. ಕುಳ್ಳ ದೇಹದವನೂ ಇಷ್ಟು ಆಡಬಲ್ಲ ಎಂಬುದನ್ನು ಅವರಲ್ಲಿ ಕಂಡ ಹುಡುಗ ಬೀದಿಯಲ್ಲಿ, ಬಯಲಿನಲ್ಲಿ ಅವರಂತೆಯೇ ಆಡಲು ಹೊರಟ. ಹುಟ್ಟಿನಿಂದ ಎಡಗಾಲಿನವನು. ಬಲಗಾಲೂ ಅಷ್ಟೇ ಸಲೀಸಾಗಬೇಕೆಂದು ಪಟ್ಟುಹಿಡಿದು ಅಭ್ಯಾಸ ಮಾಡಿದ. ಈ ಹಟ ಮುಂದೆ ಅವರ ಬದುಕಿಗೆ ದಾರಿ ಮಾಡಿತು.

ಹದಿನಾಲ್ಕಕ್ಕೆ ಶಾಲೆ ಮುಗಿಯಿತು, ಪ್ಲಂಬರ್ ಕೆಲಸ ಕಲಿಯಲು ಸೇರಿಕೊಂಡ. ಅಷ್ಟರಲ್ಲಿ ಪ್ರೆಸ್ಟನ್ ಕ್ಲಬ್ ಅವನ ಆಟ ನೋಡಿ ಮೈದಾನದ ಸಿಬ್ಬಂದಿಯಾಗಿ ಬಾ, ವಾರಕ್ಕೆ ಎರಡೂವರೆ ಪೌಂಡ್ ಕೊಡುತ್ತೇವೆ ಎಂದಿತು. ಹುಡುಗನ ಕಣ್ಣಿಗೆ ಸ್ವರ್ಗವೇ ಬಾಗಿಲು ತೆರೆದಿತ್ತು. ತಂದೆ ಒಪ್ಪಲಿಲ್ಲ. ಮೊದಲು ಕಸುಬು ಪೂರ್ತಿ ಕಲಿ, ಆಮೇಲೆ ಫುಟ್‌ಬಾಲ್ ಎಂದರು. ಹಗಲೆಲ್ಲ ಕೊಳವೆ ಜೋಡಿಸುವ ಕೆಲಸ, ಸಂಜೆ ಕ್ಲಬ್ಬಿನ ಅಭ್ಯಾಸ ಎಂದು ಏರ್ಪಾಡಾಯಿತು. ಕಾಲು ಮುರಿದರೆ ಅಲ್ಲಿಗೆ ಮುಗಿಯುವ ಕೆಲಸ ಫುಟ್‌ಬಾಲ್. ಮುಗಿಯದಿದ್ದರೂ ಮೂವತ್ತೈದಕ್ಕೆ ಮನೆಗೆ ಕಳಿಸುವ ಕೆಲಸ. ಸಂಸಾರದ ಭಾರವನ್ನು ಒಬ್ಬರೇ ಹೊತ್ತಿದ್ದ ಆ ತಂದೆಗೆ ಇದು ಚೆನ್ನಾಗಿ ತಿಳಿದಿತ್ತು. ಅವರ ಮಾತಿನ ಬೆಲೆ ಎಷ್ಟೆಂದು ಮಗನ ಮುಂದಿನ ಬದುಕು ಹೇಳಿತು.

1940ರ ಜನವರಿಯಲ್ಲಿ ಫಿನ್ನಿ ಅಧಿಕೃತವಾಗಿ ವೃತ್ತಿಪರ ಆಟಗಾರರಾದರು. ಯುದ್ಧ ಶುರುವಾಗಿತ್ತು, ಲೀಗ್ ನಿಂತುಹೋಗಿತ್ತು, ಯುದ್ಧಕಾಲದ ಬದಲಿ ಪಂದ್ಯಗಳು ಮಾತ್ರ ನಡೆಯುತ್ತಿದ್ದವು. 1941ರ ಯುದ್ಧಕಾಲದ ಕಪ್ಪಿನ ಅಂತಿಮ ಪಂದ್ಯದಲ್ಲಿ ಪ್ರೆಸ್ಟನ್ ವೆಂಬ್ಲಿ ಮೈದಾನದಲ್ಲಿ ಆರ್ಸೆನಲ್ ಜೊತೆ 1–1ರ ಸಮ ಮಾಡಿಕೊಂಡು, ಬ್ಲ್ಯಾಕ್‌ಬರ್ನ್‌ನಲ್ಲಿ ಮರುಪಂದ್ಯವನ್ನು 2–1ರಿಂದ ಗೆದ್ದಿತು. ಹತ್ತೊಂಬತ್ತರ ಫಿನ್ನಿ ಆ ತಂಡದಲ್ಲಿದ್ದರು. ಮರುವರ್ಷ ಸೈನ್ಯದ ಕರೆ ಬಂತು. ಈಜಿಪ್ಟಿಗೆ ಹೋದರು, ಅಲ್ಲಿಂದ ಇಟಲಿಗೆ. 9ನೇ ಲ್ಯಾನ್ಸರ್ಸ್ ರೆಜಿಮೆಂಟಿನಲ್ಲಿ ಟ್ಯಾಂಕ್ ಚಾಲಕರಾಗಿ 1945ರ ಏಪ್ರಿಲ್‌ನ ಕೊನೆಯ ದಾಳಿಯಲ್ಲಿ ಪಾಲ್ಗೊಂಡರು. ಬ್ರಿಟಿಷರ ಎಂಟನೇ ಸೇನೆ ನಡೆಸಿದ ಅದೇ ದಾಳಿಯಲ್ಲಿ ನಮ್ಮ ಎಂಟನೇ ಭಾರತೀಯ ಡಿವಿಷನ್ ಸೆನಿಯೊ ನದಿ ದಾಟಿತು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ನಾಮದೇವ ಜಾಧವ್ ವಿಕ್ಟೋರಿಯಾ ಕ್ರಾಸ್ ಪಡೆದದ್ದು ಏಪ್ರಿಲ್ 9ರ ಆ ನದಿದಂಡೆಯ ಹೋರಾಟಕ್ಕೆ. 

ಯುದ್ಧ ಒಬ್ಬ ಆಟಗಾರನಿಂದ ಕಿತ್ತುಕೊಳ್ಳುವುದು ಏನೆಂದು ಲೆಕ್ಕ ಹಾಕಿ ನೋಡಿ. ಫಿನ್ನಿ ಮೊದಲ ಲೀಗ್ ಪಂದ್ಯ ಆಡಿದ್ದು 1946ರ ಆಗಸ್ಟ್ 31ರಂದು, ಡೀಪ್‌ಡೇಲ್‌ನಲ್ಲಿ, ಲೀಡ್ಸ್ ವಿರುದ್ಧ. ಆಗಲೇ ಅವರಿಗೆ 24 ವರ್ಷ. ಪ್ರೆಸ್ಟನ್ 3–2ರಿಂದ ಗೆದ್ದಿತು, ಅವರೂ ಒಂದು ಗೋಲು ಹೊಡೆದರು. ತಿಂಗಳೊಳಗೆ ಇಂಗ್ಲೆಂಡ್ ತಂಡದಿಂದ ಕರೆ ಬಂತು. ಬೆಲ್‌ಫಾಸ್ಟ್‌ನಲ್ಲಿ ಉತ್ತರ ಐರ್ಲೆಂಡನ್ನು 7–2ರಿಂದ ಸೋಲಿಸಿದ ಪಂದ್ಯದಲ್ಲೂ ಒಂದು ಗೋಲು. ಕಾದು ಕಾದು ಬಂದ ಆರಂಭವಾದರೂ ಕಾಲು ಎಡವಲಿಲ್ಲ.

ಅವರ ಆಟ ಹೇಗಿತ್ತು ಎಂದು ಮಾತಿನಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ಅವರ ಜಾಗ ರೈಟ್ ವಿಂಗ್, ಅಂದರೆ ಮೈದಾನದ ಬಲಗಡೆಯ ಅಂಚು. ಚೆಂಡು ಬಂದೊಡನೆ ಎದುರಾಳಿ ಬ್ಯಾಕ್ ಆಟಗಾರನ ಕಡೆಗೇ ನಡೆಯುತ್ತಿದ್ದರು, ಅವಸರವಿಲ್ಲದೆ. ಸಾಮಾನ್ಯ ವಿಂಗರ್ ಆದರೆ ಬ್ಯಾಕ್‌ಗೆ ಅರ್ಧ ಗುಟ್ಟು ಮೊದಲೇ ಗೊತ್ತಿರುತ್ತದೆ; ಬಲಗಾಲಿನವನು ಗೆರೆಯ ಕಡೆಗೆ ಹೊರಳುತ್ತಾನೆ, ಎಡಗಾಲಿನವನು ಒಳಕ್ಕೆ ತಿರುಗುತ್ತಾನೆ. ಫಿನ್ನಿಗೆ ಎರಡೂ ಕಾಲು ಒಂದೇ. ಭುಜ ಒಂದು ಕಡೆ ವಾಲುತ್ತಿತ್ತು, ಬ್ಯಾಕ್ ಆ ಕಡೆ ಭಾರ ಹಾಕುತ್ತಿದ್ದ, ಚೆಂಡು ಇನ್ನೊಂದು ಕಡೆಯಿಂದ ದಾಟಿಹೋಗಿರುತ್ತಿತ್ತು. ಗೆರೆಯ ತುದಿಗೆ ಓಡಿ ಅಲ್ಲಿಂದ ಗೋಲಿನ ಮುಂದಕ್ಕೆ ಚೆಂಡು ಕೊಡುವುದೂ ಬರುತ್ತಿತ್ತು, ಒಳಕ್ಕೆ ನುಗ್ಗಿ ತಾವೇ ಗೋಲು ಹೊಡೆಯುವುದೂ ಬರುತ್ತಿತ್ತು. ಇಂಗ್ಲೆಂಡಿಗಾಗಿ ಬಲ ವಿಂಗ್, ಎಡ ವಿಂಗ್, ಸೆಂಟರ್ ಫಾರ್ವರ್ಡ್ ಮೂರೂ ಜಾಗದಲ್ಲಿ ಆಡಿದರು. ಪೆನಾಲ್ಟಿಯೂ ಅವರದೇ.

ಇದೆಲ್ಲ ನಡೆದ ಮೈದಾನಗಳನ್ನೂ ನೆನೆಯಬೇಕು. ಚಳಿಗಾಲದಲ್ಲಿ ಪಾದ ಹೂತುಹೋಗುವ ಕೆಸರು. ಕಣಕಾಲು ಮುಚ್ಚುವ ದಪ್ಪ ಬೂಟು. ಮಳೆನೀರು ಕುಡಿದು ಭಾರವಾಗುವ ತೊಗಲಿನ ಚೆಂಡು. ಚುರುಕಾದ ವಿಂಗರ್ ಕಂಡರೆ ಬ್ಯಾಕ್ ಆಟಗಾರರು ಕಾಲಿಗೇ ಗುರಿಯಿಡುತ್ತಿದ್ದರು. ಪೆಟ್ಟಾದರೆ ಬದಲಿ ಆಟಗಾರನೂ ಇಲ್ಲ, ಲೀಗ್ ಪಂದ್ಯಗಳಲ್ಲಿ ಆ ವ್ಯವಸ್ಥೆ ಬಂದದ್ದು 1965ರಲ್ಲಿ. ಕುಂಟುತ್ತಲೇ ಆಡಬೇಕು, ಇಲ್ಲವೇ ಹತ್ತೇ ಜನರ ತಂಡವನ್ನು ಬಿಟ್ಟು ಹೊರಗೆ ಬರಬೇಕು. ಇಷ್ಟು ಏಟು ತಿಂದ ಫಿನ್ನಿ ತಮ್ಮ ಇಡೀ ಆಟದ ಬದುಕಿನಲ್ಲಿ ಒಮ್ಮೆಯೂ ರೆಫರಿಯಿಂದ ಎಚ್ಚರಿಕೆ ಪಡೆಯಲಿಲ್ಲ, ಮೈದಾನದಿಂದ ಹೊರಹಾಕಿಸಿಕೊಳ್ಳಲಿಲ್ಲ. ಒರಟನನ್ನು ಆಟದಲ್ಲೇ ಸೋಲಿಸುವ ಶಕ್ತಿ ತಮಗಿದೆ ಎಂಬ ನಂಬಿಕೆಯಿದ್ದವರಿಗೆ ಮಾತ್ರ ಇಂಥ ಸಂಯಮ ಸಾಧ್ಯ.

ಇಂಗ್ಲೆಂಡಿಗೆ ಆಗ ಒಂದು ಸುಖದ ತೊಡಕಿತ್ತು. ಪ್ರೆಸ್ಟನ್ನಿಗೆ ಹತ್ತಿರದ ಬ್ಲ್ಯಾಕ್‌ಪೂಲ್ ಕ್ಲಬ್ಬಿಗೆ 1947ರಲ್ಲಿ ಸ್ಟ್ಯಾನ್ಲಿ ಮ್ಯಾಥ್ಯೂಸ್ ಬಂದಿದ್ದರು. ಅವರೂ ರೈಟ್ ವಿಂಗರ್, ಜಗತ್ತೇ ಕಂಡ ಹೆಸರು. ಇಬ್ಬರಲ್ಲಿ ಯಾರು ಮೇಲು ಎಂದು ಕಾರ್ಖಾನೆಗಳಲ್ಲಿ, ಬಸ್ಸುಗಳಲ್ಲಿ, ಪತ್ರಿಕೆಗಳಲ್ಲಿ ವಾದ ನಡೆಯುತ್ತಿತ್ತು. 1947ರ ಮೇ ತಿಂಗಳಲ್ಲಿ ಲಿಸ್ಬನ್‌ಗೆ ಹೋದಾಗ ಆಯ್ಕೆಗಾರರು ಮ್ಯಾಥ್ಯೂಸ್‌ರನ್ನು ಬಲಕ್ಕೂ ಫಿನ್ನಿಯನ್ನು ಎಡಕ್ಕೂ ನಿಲ್ಲಿಸಿದರು. ಪೋರ್ಚುಗಲ್ 10–0ರಿಂದ ಸೋತಿತು. ಇಂಗ್ಲೆಂಡಿನ ಮುಂಚೂಣಿಯ ಮಾರ್ಟೆನ್ಸನ್ ಮತ್ತು ಲಾಟನ್ ನಾಲ್ಕು ನಾಲ್ಕು ಗೋಲು, ಎರಡು ಅಂಚಿನವರು ಒಂದೊಂದು. ಮರುವರ್ಷ ಟ್ಯೂರಿನ್‌ನಲ್ಲಿ ಇಟಲಿಯನ್ನು ಅವರ ನೆಲದಲ್ಲೇ 4–0ರಿಂದ ಮಣಿಸಿದಾಗ ಫಿನ್ನಿಯದು ಎರಡು ಗೋಲು. 1950ರ ಮೇ ತಿಂಗಳಲ್ಲಿ ಮತ್ತೆ ಲಿಸ್ಬನ್‌ನಲ್ಲಿ ಇಂಗ್ಲೆಂಡ್ 5–3ರಿಂದ ಗೆದ್ದಾಗ ನಾಲ್ಕು ಗೋಲು ಅವರವೇ. ನನ್ನನ್ನು ಕೇಳಿದರೆ, ಚೆಂಡಿನೊಡನೆ ಜನರನ್ನು ಮರುಳುಮಾಡುವುದರಲ್ಲಿ ಮ್ಯಾಥ್ಯೂಸ್‌ಗೆ ಸಮನಿಲ್ಲ. ತಂಡಕ್ಕೆ ಬೇಕಾದ ಎಲ್ಲವನ್ನೂ ಮಾಡಿಕೊಡುವುದರಲ್ಲಿ ಫಿನ್ನಿ ಮೇಲು. 54 ಪಂದ್ಯಗಳಲ್ಲಿ ಮ್ಯಾಥ್ಯೂಸ್‌ರ 11 ಗೋಲುಗಳ ಎದುರು ಫಿನ್ನಿಯ 30 ಗೋಲುಗಳು ಅದನ್ನೇ ಹೇಳುತ್ತವೆ.

ಕಹಿ ದಿನಗಳೂ ಬಂದವು. 1950ರ ವಿಶ್ವಕಪ್ಪಿನಲ್ಲಿ ಬ್ರೆಜಿಲಿನ ಬೆಲೊ ಹೊರಿಜಾಂಟೆ ಊರಿನಲ್ಲಿ ಅಮೆರಿಕ ಇಂಗ್ಲೆಂಡನ್ನು 1–0ರಿಂದ ಸೋಲಿಸಿತು. ಆ ತಂಡದಲ್ಲಿ ಫಿನ್ನಿ ಇದ್ದರು. 1953ರ ನವೆಂಬರಿನಲ್ಲಿ ಹಂಗೇರಿ ವೆಂಬ್ಲಿಗೇ ಬಂದು 6–3ರಿಂದ ಗೆದ್ದು ಇಂಗ್ಲಿಷರ ಹಮ್ಮು ಇಳಿಸಿದಾಗ ಗಾಯಗೊಂಡಿದ್ದ ಫಿನ್ನಿ ಹೊರಗೆ ಕೂತು ನೋಡಬೇಕಾಯಿತು. ಆರು ತಿಂಗಳ ಮೇಲೆ ಬುಡಾಪೆಸ್ಟಿನ 7–1ರ ಸೋಲನ್ನು ಮೈದಾನದಲ್ಲೇ ಉಂಡರು. 1954ರ ವಿಶ್ವಕಪ್ಪಿನ ಎಂಟರ ಘಟ್ಟದಲ್ಲಿ ಉರುಗ್ವೆ ವಿರುದ್ಧ ಗೋಲು ಹೊಡೆದರೂ ತಂಡ 4–2ರಿಂದ ಸೋತಿತು. 1958ರಲ್ಲಿ ಸ್ವೀಡನ್ನಿನ ವಿಶ್ವಕಪ್ಪಿನಲ್ಲಿ ಲೆವ್ ಯಾಶಿನ್ ಕಾಯುತ್ತಿದ್ದ ಸೋವಿಯತ್ ಗೋಲಿಗೆ ಪೆನಾಲ್ಟಿ ಹೊಡೆದು 2–2 ಮಾಡಿದರು. ಆ ಪಂದ್ಯದಲ್ಲೇ ಪೆಟ್ಟಾಗಿ ಮುಂದಿನ ಪಂದ್ಯಗಳಿಗೆ ಇಳಿಯಲಾಗಲಿಲ್ಲ.

ಪ್ರೆಸ್ಟನ್ ಕ್ಲಬ್ಬಿನದೂ ಕೈಗೆ ಬಂದದ್ದು ಬಾಯಿಗೆ ಬಾರದ ಕಥೆ. 1949ರಲ್ಲಿ ಎರಡನೇ ದರ್ಜೆಗೆ ಇಳಿಯಿತು, 1951ರಲ್ಲಿ ಆ ದರ್ಜೆಯನ್ನು ಗೆದ್ದು ಮೇಲೆ ಬಂತು. 1952–53ರಲ್ಲಿ ಲೀಗಿನ ಕೊನೆಗೆ ಪ್ರೆಸ್ಟನ್ನಿಗೂ ಆರ್ಸೆನಲ್‌ಗೂ ತಲಾ 54 ಅಂಕ. ಸಮವಾದಾಗ ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸಿ ನೋಡುವುದು ಆಗಿನ ಕ್ರಮ. ಆರ್ಸೆನಲ್ 97 ಹೊಡೆದು 64 ಬಿಟ್ಟಿತ್ತು, ಪ್ರೆಸ್ಟನ್ 85 ಹೊಡೆದು 60 ಬಿಟ್ಟಿತ್ತು. ಭಾಗಾಕಾರದಲ್ಲಿ ಹತ್ತರಲ್ಲಿ ಒಂದಂಶದ ಅಂತರ, ಪ್ರಶಸ್ತಿ ಲಂಡನ್ನಿಗೆ ಹೋಯಿತು. 1954ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಫಿನ್ನಿ ನಾಯಕ. ವೆಸ್ಟ್ ಬ್ರಾಮ್ವಿಚ್ ಆಲ್ಬಿಯನ್ ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಗೋಲು ಹೊಡೆದು 3–2ರಿಂದ ಗೆದ್ದಿತು. 1958ರಲ್ಲಿ ಲೀಗಿನಲ್ಲಿ ಮತ್ತೆ ಎರಡನೆಯ ಸ್ಥಾನ, ವುಲ್ವ್ಸ್ ತಂಡದ ಹಿಂದೆ. ಯುದ್ಧಕಾಲದ ಕಪ್ಪನ್ನೂ ಎರಡನೇ ದರ್ಜೆಯ ಗೆಲುವನ್ನೂ ಬಿಟ್ಟರೆ ಫಿನ್ನಿಯ ಮನೆಯ ಕಪಾಟಿನಲ್ಲಿ ದೊಡ್ಡ ಪದಕವಿಲ್ಲ. ಆದರೆ ಫುಟ್‌ಬಾಲ್ ಬರಹಗಾರರು ಕೊಡುವ ವರ್ಷದ ಆಟಗಾರ ಪ್ರಶಸ್ತಿಯನ್ನು 1954ರಲ್ಲಿ ಪಡೆದರು, 1957ರಲ್ಲಿ ಇನ್ನೊಮ್ಮೆ. ಅದನ್ನು ಎರಡು ಸಲ ಪಡೆದ ಮೊದಲಿಗರು ಅವರೇ.

ಈಗ ಹಣದ ಮಾತಿಗೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಜನ ಮೈದಾನಗಳಿಗೆ ನೆರೆಯಂತೆ ಹರಿದುಬಂದರು. 1948–49ರ ಒಂದೇ ಋತುವಿನಲ್ಲಿ ಲೀಗ್ ಪಂದ್ಯಗಳಿಗೆ ಬಂದವರು 4 ಕೋಟಿ 10 ಲಕ್ಷಕ್ಕೂ ಹೆಚ್ಚು. ಆ ಜನ ಬಂದದ್ದು ಫಿನ್ನಿಯಂಥವರ ಆಟ ನೋಡಲು. ಹಣ ಬಾಗಿಲಲ್ಲಿ ರಾಶಿ ಬಿದ್ದರೂ ಆಟಗಾರನ ಪಾಲು ಗೆರೆ ದಾಟಲಿಲ್ಲ. 1952ರಲ್ಲಿ ಗರಿಷ್ಠ ಸಂಬಳ ಆಟದ ತಿಂಗಳುಗಳಲ್ಲಿ ವಾರಕ್ಕೆ 14 ಪೌಂಡ್, ಬೇಸಿಗೆಯಲ್ಲಿ ಅದಕ್ಕೂ ಕಡಿಮೆ. ಗೆದ್ದರೆ 2 ಪೌಂಡ್, ಸಮವಾದರೆ 1 ಪೌಂಡ್ ಮೇಲುಕಾಸು. ಇಂಗ್ಲೆಂಡಿನ ಅತ್ಯುತ್ತಮ ವಿಂಗರ್‌ಗೂ ಪಕ್ಕದಲ್ಲಿ ಆಡುವ ಸಾಧಾರಣ ಆಟಗಾರನಿಗೂ ಹೆಚ್ಚೆಂದರೆ ಇಷ್ಟೇ. ಆದ್ದರಿಂದಲೇ ಫಿನ್ನಿ ಅಣ್ಣತಮ್ಮಂದಿರು ಸೇರಿ ಪ್ಲಂಬಿಂಗ್ ವ್ಯಾಪಾರ ನಡೆಸುತ್ತಿದ್ದರು. ಬೆಳಿಗ್ಗೆ ಡೀಪ್‌ಡೇಲ್‌ನಲ್ಲಿ ಅಭ್ಯಾಸ, ಆಮೇಲೆ ಉಪಕರಣದ ಚೀಲ ಹಿಡಿದು ಊರೊಳಗಿನ ಕೆಲಸ. ಪತ್ರಿಕೆಗಳು ಅವರನ್ನು ‘ಪ್ರೆಸ್ಟನ್ ಪ್ಲಂಬರ್’ ಎಂದು ಕರೆದವು. ಶನಿವಾರ ಗ್ಯಾಲರಿಯಲ್ಲಿ ನಿಂತು ಅವರ ಹೆಸರು ಕೂಗಿದವರ ಮನೆಯ ಕೊಳವೆಯನ್ನೇ ವಾರದಲ್ಲಿ ಅವರು ಸರಿಪಡಿಸಬಹುದಿತ್ತು. ಆಟಗಾರನಿಗೂ ಅವನ ಊರಿಗೂ ನಡುವೆ ಅಷ್ಟು ಹತ್ತಿರದ ಸಂಬಂಧವಿತ್ತು ಎನ್ನುವುದು ನಿಜ, ಚೆಲುವಾದ ನಿಜ. ಆದರೆ ಆ ಹತ್ತಿರವನ್ನು ತಂದುಕೊಟ್ಟದ್ದರಲ್ಲಿ ಸಂಬಳದ ಮಿತಿಯದೂ ಪಾಲಿತ್ತು.

1952ರ ಮೇ ತಿಂಗಳಲ್ಲಿ ಇಂಗ್ಲೆಂಡ್ ತಂಡ ಫ್ಲಾರೆನ್ಸ್‌ನಲ್ಲಿ ಇಟಲಿಯೊಡನೆ 1–1ರ ಸಮ ಮಾಡಿಕೊಂಡಿತು. ಆ ಪ್ರವಾಸದಲ್ಲಿ ಸಿಸಿಲಿಯ ಪಲೆರ್ಮೊ ಕ್ಲಬ್ಬಿನ ಅಧ್ಯಕ್ಷ, ಲಾಂಜಾ ದಿ ತ್ರಾಬಿಯಾ ಮನೆತನದ ರಾಜಕುಮಾರ, ಫಿನ್ನಿಯನ್ನು ಕಂಡು ಒಂದು ಕೊಡುಗೆ ಮುಂದಿಟ್ಟರು. ಸಹಿ ಹಾಕಿದೊಡನೆ 10,000 ಪೌಂಡ್. ತಿಂಗಳಿಗೆ 130 ಪೌಂಡ್ ಸಂಬಳ. ಪಂದ್ಯ ಗೆದ್ದಾಗ ದೊಡ್ಡ ಬಹುಮಾನ. ಸಮುದ್ರದ ಕಡೆ ಬಂಗಲೆ, ಕಾರು, ಸಂಸಾರದ ಪ್ರಯಾಣದ ಖರ್ಚು. ಪ್ರೆಸ್ಟನ್ ಕ್ಲಬ್ಬಿಗೆ ಬೇರೆ 30,000 ಪೌಂಡ್. ವರ್ಷವಿಡೀ ವಾರಕ್ಕೆ 14 ಪೌಂಡಿನಂತೆ ಹಿಡಿದರೂ ಆ ಸಹಿಯ ಹಣವೊಂದೇ ಹದಿಮೂರು ವರ್ಷಕ್ಕೂ ಮಿಕ್ಕ ಸಂಬಳ. ಫಿನ್ನಿಗೆ ಆಗ 30 ವರ್ಷ. ಮನೆಯಲ್ಲಿ ಹೆಂಡತಿ ಎಲ್ಸಿ, ಎಳೆಯ ಮಕ್ಕಳು. ಆಸೆಯಾಗದಿರಲು ಅವರು ಕಲ್ಲಲ್ಲ. ಊರಿಗೆ ಬಂದು ಕ್ಲಬ್ಬಿನ ಅಧ್ಯಕ್ಷ ನ್ಯಾಟ್ ಬಕ್ ಅವರನ್ನು ಕೇಳಿದರು. ಬಂದ ಉತ್ತರದ ತಾತ್ಪರ್ಯ ಇಷ್ಟೇ: ನಮಗೆ ಆಡು, ಇಲ್ಲವಾದರೆ ಯಾರಿಗೂ ಆಡಲಾರೆ.

ಹೆದರಿಸುವ ಮಾತಷ್ಟೇ ಅಲ್ಲ, ಆಗಿನ ನಿಯಮವೇ ಅದು. ಪ್ರೆಸ್ಟನ್ ಬಿಡುಗಡೆ ಪತ್ರ ಕೊಡದೆ ಇಟಲಿಯ ಕ್ಲಬ್ ಅವರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಎರಡು ವರ್ಷದ ಹಿಂದೆ ಇಂಗ್ಲೆಂಡಿನ ಸೆಂಟರ್ ಹಾಫ್ ನೀಲ್ ಫ್ರಾಂಕ್ಲಿನ್, ಆಗ ಫೀಫಾದ ಹೊರಗಿದ್ದ ಕೊಲಂಬಿಯಾ ಲೀಗಿನ ಸಾಂತಾ ಫೆ ಕ್ಲಬ್ಬಿಗೆ ಹೇಳದೆ ಕೇಳದೆ ಹೊರಟುಹೋಗಿದ್ದರು. ಸ್ವಲ್ಪ ದಿನದಲ್ಲೇ ಮರಳಿ ಬಂದಾಗ ಅಮಾನತು ಕಾದಿತ್ತು. ಇಂಗ್ಲೆಂಡ್ ತಂಡದ ಬಾಗಿಲು ಅವರಿಗೆ ಮತ್ತೆ ತೆರೆಯಲೇ ಇಲ್ಲ. ಈ ಉದಾಹರಣೆ ಎಲ್ಲ ಆಟಗಾರರ ಕಣ್ಣ ಮುಂದಿತ್ತು. ಫಿನ್ನಿ ಜಗಳಕ್ಕೆ ನಿಲ್ಲಲಿಲ್ಲ, ಪ್ರೆಸ್ಟನ್ನಿನ ಕಾಗದಕ್ಕೆ ಮತ್ತೆ ಸಹಿ ಹಾಕಿದರು.

ಇಲ್ಲಿಯೇ ಅವರ ಕಥೆ ಹೇಳುವವರು ಬಹಳಷ್ಟು ಮಂದಿ ದಾರಿ ತಪ್ಪುತ್ತಾರೆ ಎಂದು ನನಗನ್ನಿಸುತ್ತದೆ. ಹಣಕ್ಕೆ ಬಗ್ಗದವನು, ಊರು ಬಿಡದವನು, ನಿಷ್ಠೆಯ ಮೂರ್ತಿ ಎಂದು ಹಾಡಿಹೊಗಳುತ್ತಾರೆ. ಊರಿನ ಮೇಲೆ ಫಿನ್ನಿಗೆ ಪ್ರೀತಿ ಇದ್ದದ್ದು ನಿಜ. ಆದರೆ ಹೋಗುವ ಸ್ವಾತಂತ್ರ್ಯವೇ ಇಲ್ಲದವನು ಉಳಿದದ್ದನ್ನು ನಿಷ್ಠೆ ಎಂದು ಕರೆದರೆ ಲಾಭ ಕಟ್ಟಿಹಾಕಿದವರಿಗೆ. ಅವರ ತಪ್ಪು ಅವನ ಗುಣದ ನೆರಳಲ್ಲಿ ಮರೆಯಾಗಿಬಿಡುತ್ತದೆ. ಫಿನ್ನಿಯ ದೊಡ್ಡತನ ಬೇರೆ ಕಡೆ ಇದೆ. ಹೋಗಬೇಡ ಎನ್ನಿಸಿಕೊಂಡ ಮೇಲಿನ ಎಂಟು ವರ್ಷ ಅವರು ಆಡಿದ ಆಟದಲ್ಲಿ ಅದನ್ನು ನೋಡಬೇಕು. ಲೀಗಿನಲ್ಲಿ ಎರಡು ಸಲ ಎರಡನೆಯ ಸ್ಥಾನ, ಕಪ್ಪಿನ ಅಂತಿಮ ಪಂದ್ಯ, ವರ್ಷದ ಆಟಗಾರ ಪ್ರಶಸ್ತಿ ಎರಡು ಸಲ, ಎಲ್ಲವೂ ಆ ಉತ್ತರ ಬಂದ ನಂತರದ್ದು. ಮೂವತ್ತನಾಲ್ಕರಲ್ಲಿ ವಿಂಗ್ ಬಿಟ್ಟು ನಡುವಿಗೆ ಬಂದು, ಸ್ವಲ್ಪ ಹಿಂದೆ ಸರಿದು ನಿಲ್ಲುವ ಸೆಂಟರ್ ಫಾರ್ವರ್ಡ್ ಆಗಿ ಹೊಸ ಆಟವನ್ನೇ ಕಲಿತರು. ಮನಸ್ಸು ಮುರಿದ ಕೆಲಸಗಾರ ಮೈಗಳ್ಳನಾಗುವುದು ಸಹಜ. ತಮ್ಮನ್ನು ಕಟ್ಟಿಹಾಕಿದವರ ಮೇಲಿನ ಸಿಟ್ಟನ್ನು ಅವರು ತಮ್ಮ ಕಸುಬಿನ ಮೇಲೆ ತೀರಿಸಿಕೊಳ್ಳಲಿಲ್ಲ.

ಸಿಟ್ಟು ಬೇರೆಯವರ ಬಾಯಲ್ಲಿ ಮಾತಾಯಿತು. 1957ರಲ್ಲಿ ಫುಲ್‌ಹ್ಯಾಮ್‌ನ ಆಟಗಾರ ಜಿಮ್ಮಿ ಹಿಲ್ ಆಟಗಾರರ ಸಂಘದ ಅಧ್ಯಕ್ಷರಾದರು. ಕಾರ್ಯದರ್ಶಿ ಕ್ಲಿಫ್ ಲಾಯ್ಡ್ ಜೊತೆ ಸೇರಿ ಊರೂರು ತಿರುಗಿ ಆಟಗಾರರನ್ನು ಒಗ್ಗೂಡಿಸಿದರು. ಮುಷ್ಕರದ ತೀರ್ಮಾನವಾಯಿತು. 1961ರ ಜನವರಿಯಲ್ಲಿ, ಆ ಮುಷ್ಕರ ಇನ್ನೇನು ಶುರುವಾಗಬೇಕು ಎನ್ನುವಾಗ, ಲೀಗ್ ಸೋತು ಸಂಬಳದ ಮಿತಿಯನ್ನು ತೆಗೆದುಹಾಕಿತು. ಅಷ್ಟರಲ್ಲಿ ಅದು ಏರಿ ಏರಿ ವಾರಕ್ಕೆ 20 ಪೌಂಡಿನಲ್ಲಿ ನಿಂತಿತ್ತು. ಅದೇ ವರ್ಷ ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯತೊಡಗಿದರು. ಫಿನ್ನಿ? ತೊಡೆಸಂದಿನ ನೋವು ಬಿಡದೆ ಕಾಡಿದ್ದರಿಂದ 1960ರ ಏಪ್ರಿಲ್ 30ರಂದು ಡೀಪ್‌ಡೇಲ್‌ನಲ್ಲಿ ಲೂಟನ್ ವಿರುದ್ಧ ಕೊನೆಯ ಪಂದ್ಯ ಆಡಿ ನಿಂತಿದ್ದರು. ಬಿಡುಗಡೆ ಬರುವುದಕ್ಕೆ ಒಂಬತ್ತು ತಿಂಗಳೂ ಉಳಿದಿರಲಿಲ್ಲ. 433 ಲೀಗ್ ಪಂದ್ಯ, 187 ಗೋಲು. ಅವರು ಹೋದ ಮರುವರ್ಷವೇ ಪ್ರೆಸ್ಟನ್ ಮೊದಲ ದರ್ಜೆಯಿಂದ ಬಿತ್ತು. ಅಲ್ಲಿಂದಾಚೆಗೆ ಮೇಲಿನ ದರ್ಜೆಗೆ ಮತ್ತೆ ಏರಿಲ್ಲ. ಆ ಕ್ಲಬ್ ಯಾರ ಕಾಲ ಮೇಲೆ ನಿಂತಿತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ನೋಂದಣಿಯ ಹಕ್ಕೆಂಬ ಎರಡನೆಯ ಕಟ್ಟಳೆ ಕೋರ್ಟಿನಲ್ಲಿ ಬಿತ್ತು. ನ್ಯೂಕಾಸಲ್ ಕ್ಲಬ್ ತನ್ನನ್ನು ಬಿಡುವುದಿಲ್ಲ ಎಂದಾಗ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ಮೊಕದ್ದಮೆ ಹೂಡಿದರು. 1963ರ ಜುಲೈಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಅವಧಿ ಮುಗಿದವನನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ಅವನ ದುಡಿಯುವ ಹಕ್ಕಿಗೆ ಅನುಚಿತವಾದ ಅಡ್ಡಿ ಎಂದು ತೀರ್ಪು ಕೊಟ್ಟರು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್‌ರ ವಂಶದವರು ಈ ನ್ಯಾಯಮೂರ್ತಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಈಸ್ಟ್‌ಹ್ಯಾಮ್‌ರ ತಂದೆ ಬೆಲ್‌ಫಾಸ್ಟ್‌ನ ಡಿಸ್ಟಿಲರಿ ಕ್ಲಬ್ಬಿನ ಮ್ಯಾನೇಜರ್ ಆಗಿದ್ದರು. ಆಟ ಬಿಟ್ಟು ಮೂರು ವರ್ಷವಾಗಿದ್ದ ಫಿನ್ನಿ, ತಮ್ಮ 41ನೆಯ ವಯಸ್ಸಿನಲ್ಲಿ, ಯುರೋಪಿಯನ್ ಕಪ್ಪಿನ ಪಂದ್ಯಕ್ಕೆ ಆ ತಂಡದ ಪರವಾಗಿ ಇಳಿದರು. ಎದುರಿಗಿದ್ದದ್ದು ಯುಸೆಬಿಯೊ ಇದ್ದ, ಪೋರ್ಚುಗಲ್ಲಿನ ಬೆನ್‌ಫಿಕಾ ಕ್ಲಬ್. ಪಂದ್ಯ 3–3ರ ಸಮವಾಯಿತು. ಮಗ ನ್ಯಾಯಾಲಯದಲ್ಲಿ ದಾರಿ ಬಿಡಿಸಿದ ಮೂರು ತಿಂಗಳೊಳಗೆ, ಹಳೆಯ ಕಟ್ಟಳೆಯಡಿ ಜೀವಮಾನ ಸವೆಸಿದ ಆಟಗಾರರು ಅಪ್ಪನ ತಂಡದಲ್ಲಿ ಆಡಿದರು.

ಮುಂದಿನ ಬದುಕನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ತಂದೆ ಕಲಿತೇ ತೀರಬೇಕೆಂದ ಕಸುಬು ಕೈ ಬಿಡಲಿಲ್ಲ, ವ್ಯಾಪಾರ ಬೆಳೆಯಿತು. ಊರಿನಲ್ಲಿ ಮ್ಯಾಜಿಸ್ಟ್ರೇಟ್ ಆದರು, ಪ್ರೆಸ್ಟನ್ನಿನ ಆರೋಗ್ಯ ಪ್ರಾಧಿಕಾರದ ಅಧ್ಯಕ್ಷರಾದರು, ಕ್ಲಬ್ಬಿನ ಗೌರವಾಧ್ಯಕ್ಷರಾದರು. 1998ರಲ್ಲಿ ಸರ್ ಪದವಿ ಬಂತು. ಎಲ್ಸಿಗೆ ಮರೆವಿನ ಕಾಯಿಲೆ ಬಂದಾಗ 2004ರಲ್ಲಿ ಅವರು ತೀರಿಕೊಳ್ಳುವವರೆಗೂ ಕೈಯಾರೆ ನೋಡಿಕೊಂಡರು. ಅದೇ ವರ್ಷ ಡೀಪ್‌ಡೇಲ್ ಹೊರಗೆ ಅವರ ಪ್ರತಿಮೆ ನಿಂತಿತು. 1956ರಲ್ಲಿ ನೀರು ನಿಂತ ಚೆಲ್ಸಿ ಮೈದಾನದಲ್ಲಿ ಚೆಂಡಿನ ಹಿಂದೆ ನೀರು ಚಿಮ್ಮಿಸುತ್ತ ಜಾರುತ್ತಿದ್ದ ಅವರ ಪ್ರಸಿದ್ಧ ಛಾಯಾಚಿತ್ರವನ್ನು ಆಧರಿಸಿದ ಪ್ರತಿಮೆ ಅದು. 2014ರ ಫೆಬ್ರವರಿ 14ರಂದು 91ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಪ್ರೆಸ್ಟನ್ನಿನಲ್ಲಿ ಅವರ ಜೊತೆ ಆಡಿ, ಮುಂದೆ ಲಿವರ್‌ಪೂಲ್ ಕ್ಲಬ್ಬನ್ನು ಕಟ್ಟಿ ನಿಲ್ಲಿಸಿದ ಬಿಲ್ ಶ್ಯಾಂಕ್ಲಿ ಕೊನೆಯವರೆಗೂ ಫಿನ್ನಿಯನ್ನು ಎಲ್ಲರಿಗಿಂತ ಮೇಲೆಂದೇ ಎಣಿಸಿದ್ದರು.

ಇಂದಿನ ಆಟಗಾರರ ಕೋಟಿಗಳ ಸುದ್ದಿ ಕೇಳಿದಾಗ, ಹಳೆಯ ಕಾಲವೇ ಚೆನ್ನಾಗಿತ್ತು, ಆಗ ಆಟಗಾರರು ಪ್ರೀತಿಗಾಗಿ ಆಡುತ್ತಿದ್ದರು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಫಿನ್ನಿಯ ಬದುಕು ತಿಳಿದ ಮೇಲೆ ಆ ಮಾತನ್ನು ಅಷ್ಟು ಸುಲಭವಾಗಿ ಆಡಬಾರದು. ಪ್ರೀತಿಯಿಂದ ಆಡಿದ್ದು ನಿಜ, ಆ ಪ್ರೀತಿಯ ಸಂಪಾದನೆ ಬೇರೆಯವರ ತಿಜೋರಿಗೆ ಹೋದದ್ದೂ ಅಷ್ಟೇ ನಿಜ. ಇಂದು ಒಬ್ಬ ಹುಡುಗ ಒಪ್ಪಂದ ಮುಗಿದ ದಿನ ತನಗೆ ಬೇಕಾದ ಕ್ಲಬ್ಬಿಗೆ ತಲೆಯೆತ್ತಿ ನಡೆದುಹೋಗುತ್ತಾನೆ ಎಂದರೆ, ಅದರ ಹಿಂದೆ ಜಿಮ್ಮಿ ಹಿಲ್ ಇದ್ದಾರೆ, ಈಸ್ಟ್‌ಹ್ಯಾಮ್ ಇದ್ದಾರೆ, 1995ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಗೆದ್ದ ಬೆಲ್ಜಿಯಂನ ಬೋಸ್ಮನ್ ಇದ್ದಾರೆ. ಅವರಿಗೆ ಮೊದಲು, ಕೇಳಿದ್ದು ಸಿಗದೆಯೂ ಕೆಲಸವನ್ನು ಅರೆಬರೆ ಮಾಡದ ಫಿನ್ನಿಯಂಥ ಒಂದು ತಲೆಮಾರೇ ಇದೆ. ಅವರ ಆಟವನ್ನು ಮನಸಾರೆ ಮೆಚ್ಚೋಣ. ಅವರಿಗೆ ಆದ ಅನ್ಯಾಯವನ್ನು ಅವರ ಸದ್ಗುಣವೆಂದು ಕರೆಯದಿರೋಣ. ಒಳ್ಳೆಯ ಕೆಲಸಗಾರನಿಗೆ ಈ ಎರಡೂ ಸಲ್ಲಬೇಕು.